ಉಂಡ ಮೇಲಿನ ದಿಗಿಲು

ಹೊಟ್ಟೆ ತುಂಬಿದ ಮೇಲೆ ಜೀವ ತಣ್ಣಗಾಗಬೇಕು. ಆದರೆ ನಮ್ಮ ಕಡೆ ಎಷ್ಟೋ ಜನರಿಗೆ ಹಾಗಾಗುವುದಿಲ್ಲ. ಕೈ ತೊಳೆದು ಬಂದು ಕೂತ ಸ್ವಲ್ಪ ಹೊತ್ತಿಗೆ ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ, ಏನೋ ಕೆಟ್ಟದ್ದು ಕಾದಿದೆ ಅನ್ನಿಸುತ್ತದೆ. ಕೇಳಿದರೆ ‘ಉಂಡ ಮೇಲೆ ಒಂಥರಾ ಆಗುತ್ತೆ’ ಅಂತಾರೆ, ಅಷ್ಟೇ. ಅಜ್ಜಿಯರು ದೃಷ್ಟಿ ತಾಕಿದೆ ಅನ್ನುತ್ತಾರೆ, ಮೆಡಿಕಲ್ ಸ್ಟೋರಿನವರು ಗ್ಯಾಸ್ಟ್ರಿಕ್ ಅನ್ನುತ್ತಾರೆ. ನನಗೂ ಇದು ಹಳೆಯ ಪೀಡೆ. ಅದರ ಜೊತೆ ಗುದ್ದಾಡುತ್ತಲೇ ಬರೆಯುತ್ತಿದ್ದೇನೆ, ಹಾಗಾಗಿ ಇಲ್ಲಿನ ಗದರಿಕೆಯೆಲ್ಲ ಮೊದಲು ನನಗೆ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ರಾಗಿ ಒಳ್ಳೆಯದು, ಮೈದಾ ಕೆಟ್ಟದ್ದು ಎಂದು ತಿಳಿದುಕೊಂಡರೆ ಊಟ ಬಲ್ಲೆವು ಅಂದುಕೊಂಡುಬಿಟ್ಟಿದ್ದೇವೆ. ಅದೂ ಬೇಕು. ಆದರೆ ಎಷ್ಟು ಹೊತ್ತಿಗೆ ಉಂಡೆವು, ಎಷ್ಟು ಅವಸರದಲ್ಲಿ ಉಂಡೆವು, ಅದಕ್ಕೆ ಮುಂಚೆ ಹೊಟ್ಟೆಗೆ ಏನು ಹೋಗಿತ್ತು, ತಲೆಯಲ್ಲಿ ಏನು ಓಡುತ್ತಿತ್ತು? ಗಾದೆಯ ಮುಕ್ಕಾಲು ಪಾಲು ಅಲ್ಲಿದೆ ಎಂಬುದು ನನ್ನ ನಂಬಿಕೆ.

ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ ನೋಡಿ. ಹಿಂದಿನ ದಿನವೆಲ್ಲ, ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿ, ಸರಿಯಾಗಿ ನಿದ್ದೆಯಿಲ್ಲದೆ ಬಂದ ರೈತ ಇರುತ್ತಾನೆ. ರಾತ್ರಿ ಉಂಡದ್ದೇ ಕೊನೆ. ಲೋಟ ಲೋಟ ಟೀ, ಕಾಫಿಯ ಮೇಲೆ ಬೆಳಗ್ಗೆ ಕಳೆಯುತ್ತದೆ. ಇ-ಹರಾಜಿನಲ್ಲಿ ತನ್ನ ಲಾಟಿಗೆ ಕೆ.ಜಿ.ಗೆ ಎಷ್ಟು ಕೂಗಿದರು ಎಂದು ತಿಳಿಯುವ ತನಕ ಹಸಿವೆಯೇ ಗೊತ್ತಾಗುವುದಿಲ್ಲ. ಆಮೇಲೆ ಮುದ್ದೆ ಹೋಟೆಲು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದೇ ಅದರ ಕ್ರಮ. ನಿಧಾನವಾಗಿ ಉಣ್ಣುವವನಿಗೆ ಅದರಿಂದ ಏನೂ ತೊಂದರೆಯಿಲ್ಲ. ಹಸಿದು, ಸುಸ್ತಾಗಿ, ಬಸ್ಸಿನ ಹೊತ್ತು ನೋಡುತ್ತಾ ಕೂತವನಿಗೆ ಮಾತ್ರ ಎರಡು ಮುದ್ದೆ ಹೇಗೆ ಇಳಿದವು ಎಂಬುದೇ ತಿಳಿಯುವುದಿಲ್ಲ. ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಊಟ ಮುಗಿದು ಎಲೆ ಎತ್ತಿರುತ್ತಾರೆ.

ಈಗ ಅವನ ಮೈಯೊಳಗೆ ಏನೇನು ಸೇರಿದೆ ನೋಡಿ. ಕಾಫಿಯ ಕೆಫೀನ್ ಕುಡಿದ 5 ಗಂಟೆಯ ನಂತರವೂ ಅರ್ಧದಷ್ಟು ರಕ್ತದಲ್ಲೇ ಉಳಿದಿರುತ್ತದೆ. ಬಿಗಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಉಸಿರು ಗಿಡ್ಡವಾಗುತ್ತದೆ. ಅನ್ನ ಅರಗಿಸಲು ಕರುಳಿಗೆ ಹೆಚ್ಚು ರಕ್ತ ಬೇಕು, ಹೃದಯ ತನ್ನ ವೇಗ ಏರಿಸುತ್ತದೆ. ಇದು ದಿನವೂ ಎಲ್ಲರಲ್ಲೂ ನಡೆಯುವ ಕೆಲಸ. ಆದರೆ ಬೆಳಗ್ಗೆಯಿಂದ ಬೆಲೆಯ ಚಿಂತೆಯಲ್ಲೇ ಇದ್ದ ಮನಸ್ಸಿಗೆ ಆ ಬಡಿತ ಅಪಾಯವೆಂದೇ ಕಾಣುತ್ತದೆ. ಹೆದರಿದರೆ ಅಡ್ರಿನಲಿನ್ ಏರಿ ಬಡಿತ ಇನ್ನೂ ಜೋರಾಗುತ್ತದೆ, ಬಡಿತ ಕೇಳಿ ಹೆದರಿಕೆ ಇನ್ನೂ ಹೆಚ್ಚುತ್ತದೆ. ಒಮ್ಮೆ ಹೀಗಾದವರು ಮರುದಿನ ತಟ್ಟೆ ಮುಂದೆ ಕೂರುವಾಗಲೇ ಇವತ್ತೂ ಆಗುತ್ತೇನೋ ಎಂದು ಕಾಯತೊಡಗುತ್ತಾರೆ. ಕಾದದ್ದು ಬಂದೇ ಬರುತ್ತದೆ.

ಚಿಂತಾಮಣಿಯಲ್ಲಿ ಟೊಮ್ಯಾಟೊ ಕ್ರೇಟು ಇಳಿಸಿ ದರ ಕೇಳುವವರ ಕಥೆಯೂ ಇದೇ. ಗೌರಿಬಿದನೂರಿನಿಂದ ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಓಡುವವರದ್ದೂ ಇದೇ, ತಿಂಡಿ ಬಿಟ್ಟು ಹೊರಟು ಮಧ್ಯಾಹ್ನ ಡಬ್ಬಿಯ ಮೇಲೆ ಬೀಳುತ್ತಾರೆ.

ಇನ್ನೊಂದು ಬಗೆಯ ದಿಗಿಲು ತಡವಾಗಿ, ಉಂಡ ಎರಡು ಮೂರು ಗಂಟೆಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಒಬ್ಬಟ್ಟು, ಪಾಯಸ, ಅನ್ನ ತುಂಬಿದರೆ ಸಕ್ಕರೆ ಏರುತ್ತದೆ, ಇನ್ಸುಲಿನ್ ಧಾರಾಳವಾಗಿ ಸುರಿಯುತ್ತದೆ, ಕೆಲವರಲ್ಲಿ ಸಕ್ಕರೆ ಸರ್ರನೆ ಕೆಳಗಿಳಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಮತ್ತೆ ಹಸಿವು. ಮುದ್ದೆಗೆ ಸಕ್ಕರೆಯ ಲೆಕ್ಕವಿಲ್ಲ ಎಂದು ನಂಬಿದವರಿಗೂ ಒಂದು ಮಾತು: 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ಶುಗರ್ ಮಾತ್ರೆ ನುಂಗಿ ಊಟ ತಡ ಮಾಡುವವರಂತೂ ಬಹಳ ಎಚ್ಚರವಾಗಿರಬೇಕು, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವಯಸ್ಸಾದವರಲ್ಲಿ, ಅದರಲ್ಲೂ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ, ಊಟವಾದ ಎರಡು ಗಂಟೆಯೊಳಗೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುವುದುಂಟು.

ಹಾಗಾದರೆ ಮಾಡುವುದೇನು? ಬೆಳಗ್ಗೆ ಕಾಫಿಗೆ ಮುಂಚೆ ಏನಾದರೂ ತಿನ್ನು, ಎರಡು ಇಡ್ಲಿಯಾದರೂ ಸರಿ, ಒಂದು ಹಿಡಿ ಹುರಿದ ಕಡಲೆಕಾಯಿಯಾದರೂ ಸರಿ. ಮುದ್ದೆ ಚಿಕ್ಕದಾಗಲಿ, ಕಾಳು ಸಾರು, ಬಸ್ಸಾರಿನ ಪಲ್ಯ ಜಾಸ್ತಿಯಾಗಲಿ. ಉಣ್ಣುವಾಗ ಫೋನು ದೂರ ಇಡು. ದರ ನೋಡುವುದಕ್ಕೆ ಅರ್ಧ ಗಂಟೆ ತಡವಾದರೆ ಆಕಾಶ ಬೀಳುವುದಿಲ್ಲ, ಎಷ್ಟು ಸಲ ಹೇಳಬೇಕು ನಿನಗೆ! ಉಂಡ ಮೇಲೆ ಅಂಗಳದಲ್ಲಿ ನಿಧಾನಕ್ಕೆ ಓಡಾಡು. ತಕ್ಷಣ ಅಡ್ಡಾದರೆ ಹುಣಸೆ, ಖಾರ ಎಲ್ಲ ಎದೆಗೆ ಏರಿ ಉರಿಯುತ್ತದೆ, ಆ ಉರಿಯೂ ದಿಗಿಲಿನ ವೇಷ ಹಾಕಿ ಬರುತ್ತದೆ. ಬಡಿತ ಶುರುವಾದರೆ ಉಸಿರನ್ನು ಉದ್ದಕ್ಕೆ ಬಿಡುತ್ತಾ ಕೂರು, ಅದು ಇಳಿಯುತ್ತದೆ. ಅಂಗಡಿಯವರು ಕೊಟ್ಟರೆಂದು ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಡ.

ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದೂ ತಪ್ಪು. ಭಾರಿ ಊಟದ ನಂತರ ಎದೆ ಹಿಂಡಿದಂತಾಗಿ ಎಡಗೈಗೋ ದವಡೆಗೋ ನೋವು ಹರಿದರೆ, ಅಥವಾ ಏನನ್ನೋ ತಿಂದೊಡನೆ ತುಟಿ ಊದಿ ಉಸಿರು ಕಟ್ಟಿದರೆ, ಸೋಡಾ ಕುಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ದೇಹದಲ್ಲಿ ಏನೂ ಸಿಗದೆ ಭಯ ಮಾತ್ರ ಉಳಿದರೆ ಟೆಲಿ ಮಾನಸ್ ಇದೆ. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ನಮ್ಮ ಮನೆಯ ಹೆಂಗಸರ ವಿಷಯ. ನನಗೆ ಎಲ್ಲಕ್ಕಿಂತ ಸಂಕಟ ಇದರದ್ದೇ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆಯಿಂದ ಎದ್ದ ಮೇಲೆ ರೇಷ್ಮೆ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಆ ಒಂದು ವಾರದಲ್ಲೇ ತಿನ್ನುತ್ತದೆ. ಸೊಪ್ಪು ಕೊಯ್ದು, ಹೊತ್ತು ತಂದು, ಹುಳಮನೆಯಲ್ಲಿ ಹೊತ್ತುಹೊತ್ತಿಗೆ ಹರಡುವವಳು ಬಹುಪಾಲು ಮನೆಯಾಕೆ. ಹುಳುವಿಗೆ ಹೊತ್ತು ತಪ್ಪುವುದಿಲ್ಲ, ಆಕೆಗೆ ತಪ್ಪುತ್ತದೆ. ಎಲ್ಲರದ್ದೂ ಮುಗಿದ ಮೇಲೆ ಮೂರು ಗಂಟೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತೇ ಉಂಡು, ಅದರ ಮೇಲೆಯೇ ಟೀ ಕುಡಿಯುತ್ತಾಳೆ. ಊಟದ ಜೊತೆಗಿನ ಟೀ ಸೊಪ್ಪು ಕಾಳಿನ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದ ಮೈಯಲ್ಲಿ ಹೃದಯ ಸುಮ್ಮನೆ ಕೂತರೂ ಓಡುತ್ತದೆ. ಅಮ್ಮನೋ ಅತ್ತಿಗೆಯೋ ‘ಉಂಡ ಮೇಲೆ ಒಂಥರಾ ಆಗುತ್ತೆ ಕಣೋ’ ಅಂದರೆ ದೃಷ್ಟಿ ತೆಗೆದು ಕೈ ತೊಳೆದುಕೊಳ್ಳಬೇಡಿ. ಆಕೆಯ ತಟ್ಟೆ ಮೊದಲು ಬಡಿಸಿ. ಟೀ ಒಂದು ಗಂಟೆ ಆಮೇಲೆ ಆಗಲಿ. ಹಿಮೋಗ್ಲೋಬಿನ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ, ಒಂದು ಬೆಳಗ್ಗೆ ಕರೆದುಕೊಂಡು ಹೋಗಿ ಬನ್ನಿ. ಅವತ್ತು ಹುಳುವಿಗೆ ಸೊಪ್ಪು ಹಾಕಲು ಮನೆಯಲ್ಲಿ ಬೇರೆ ಯಾರಾದರೂ ನಿಲ್ಲಲಿ.