ಒತ್ತುವ ಬೆರಳು ಯಾರದು?

ಅಂತರ್ಜಾಲದ ಮುಂದೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಹೇಳುವವರಿದ್ದಾರೆ. ಊರ ಬಾವಿಯೂ ಎಲ್ಲರದೇ ಎಂದು ಹಿಂದೆ ಹೇಳುತ್ತಿದ್ದರು. ಹಗ್ಗ ಯಾರ ಕೈಯಲ್ಲಿತ್ತು, ದೂರ ನಿಂತು ಯಾರು ಬೊಗಸೆ ಒಡ್ಡಬೇಕಿತ್ತು ಎಂಬುದು ನಮಗೆ ಗೊತ್ತಿದ್ದದ್ದೇ.

ನಮ್ಮಂಥ ಪಟ್ಟಣದ ಹೆಂಗಸರು ಮಧ್ಯಾಹ್ನದ ಕೆಲಸ ಮುಗಿಸಿ ಮೊಬೈಲು ಹಿಡಿದು ಕೂತರೆ ಅದು ಬಾಗಿಲು ಹಾಕಿಕೊಂಡ ಕೋಣೆಯಿದ್ದಂತೆ. ಬ್ಯಾಂಕಿನ ಲೆಕ್ಕ ನೋಡುತ್ತೇವೆ, ಯಾರನ್ನೂ ಕೇಳಲಾಗದ ಕಾಯಿಲೆಯ ಬಗ್ಗೆ ಗುಟ್ಟಾಗಿ ಓದುತ್ತೇವೆ. ಜೇವರ್ಗಿಯ ತೊಗರಿ ಹೊಲಗಳಲ್ಲಿ ಕೂಲಿ ಮಾಡುವವಳಿಗೆ ಅದೇ ಅಂತರ್ಜಾಲವೆಂದರೆ ಒಂದು ಸಾಲು, ಒಂದು ಮೇಜು, ಮೇಜಿನಾಚೆ ಕೂತ ಒಬ್ಬ ಹುಡುಗ. 2023ರ ಜುಲೈಯಲ್ಲಿ ಗೃಹಲಕ್ಷ್ಮಿಯ ಅರ್ಜಿಗಳು ಶುರುವಾದಾಗ ಹೆಂಗಸರು ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳಿಗೆ ಹೋದರು. ತಿಂಗಳಿಗೆ 2000 ರೂಪಾಯಿ, ಅದೂ ಮನೆಯ ಯಜಮಾನಿಯ ಹೆಸರಿಗೆ. ಒಳ್ಳೆಯದೇ. ಆದರೆ ಇಂಥ ಮೇಜುಗಳ ಮುಂದೆ ಆ ಯಜಮಾನಿಯ ಆಧಾರ್ ಸಂಖ್ಯೆ, ಫೋನಿಗೆ ಬಂದ ಒಟಿಪಿ, ಎಲ್ಲವೂ ನಾಲ್ಕು ಜನರೆದುರೇ ಬಾಯಿಗೆ ಬರಬೇಕು.

ನಮ್ಮ ಮನೆಗೆಲಸಕ್ಕೆ ಬರುವಾಕೆ ತಿಂಗಳಿಗೊಮ್ಮೆ, "ಅಕ್ಕೋರೇ, ರೊಕ್ಕ ಬಂದದೇನು ನೋಡ್ರಿ" ಎಂದು ಫೋನು ಕೈಗಿಡುತ್ತಾಳೆ. ರೊಕ್ಕದ ಸಂದೇಶ ಹುಡುಕುವಾಗ ಸಾಲದ ಕಂತು ತಪ್ಪಿದ ಸಂದೇಶವೂ ಕಣ್ಣಿಗೆ ಬೀಳುತ್ತದೆ. ಅವಳ ಫೋನು ನಾನು ನೋಡಬಹುದು, ನನ್ನದನ್ನು ಅವಳು ಮುಟ್ಟುವಂತಿಲ್ಲ. ವರ್ಗಭೇದವನ್ನು ತಿಳಿಯಲು ಇದಕ್ಕಿಂತ ದೂರ ಹೋಗಬೇಕಾಗಿಲ್ಲ.

ಹಿಂದೆ ಅಫಜಲಪುರದ ಕಡೆಯಿಂದ ಮುಂಬಯಿ, ಪುಣೆಗೆ ದುಡಿಯಲು ಹೋದವರ ಕಾಗದ ಬಂದರೆ ಮಾಸ್ತರರೋ ಟಪಾಲಿನವನೋ ಓದಿ ಹೇಳಬೇಕಿತ್ತು. ಗಂಡ ಹೆಂಡಿರ ನಡುವೆ ಯಾವಾಗಲೂ ಮೂರನೆಯವನೊಬ್ಬನಿರುತ್ತಿದ್ದ. ಈಗ ಭೀಮೆಯ ದಂಡೆಯ ಅಜ್ಜಿ ಫೋನಿನಲ್ಲೇ ಮೊಮ್ಮಗುವಿನ ಹಲ್ಲು ಎಣಿಸುತ್ತಾಳೆ. ಈ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೆ ಮಾತಿಗೆ ಸಿಕ್ಕ ಬಿಡುಗಡೆ ಅರ್ಜಿಗೆ ಸಿಕ್ಕಿಲ್ಲ.

"ರೀಲ್ಸ್ ನೋಡಲು ಬರುತ್ತದೆ, ಅರ್ಜಿ ತುಂಬಲು ಬರುವುದಿಲ್ಲವೇ?" ಎಂದು ಕೆಲವರು ನಗುತ್ತಾರೆ. ರೀಲ್ಸಿಗೆ ಅಕ್ಷರ ಬೇಡ, ಅಲ್ಲಿ ಬೆರಳು ತಪ್ಪಿದರೆ ಏನೂ ಕಳೆಯುವುದಿಲ್ಲ. ಅರ್ಜಿಯಲ್ಲಿ ಒಂದು ಅಂಕಿ ತಪ್ಪಿದರೆ ತಿಂಗಳುಗಟ್ಟಲೆ ಅಲೆದಾಟ. ಕೈಯಲ್ಲಿ ಕಾಸಿದ್ದವರಿಗೆ ತಪ್ಪು ಮಾಡಿ ಕಲಿಯಲು ಬಿಡುವುಂಟು, ಬಡವರಿಗೆ ಅದಿಲ್ಲ. ಅದಕ್ಕೇ ಅವರು ಇನ್ನೊಬ್ಬರ ಬೆರಳನ್ನು ನಂಬುತ್ತಾರೆ.

ಆ ಬೆರಳು ಪ್ರಾಮಾಣಿಕವಲ್ಲದಿದ್ದರೆ? ಆಳಂದದಲ್ಲಿ ನಡೆದದ್ದನ್ನು ನೆನೆಯಬೇಕು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ, ಉಳಿದ 5994 ತಿರಸ್ಕೃತವಾದವು. ಅರ್ಜಿದಾರರೆಂದು ಯಾರ ಹೆಸರಿತ್ತೋ ಅವರಲ್ಲೇ ಕೆಲವರಿಗೆ ವಿಷಯವೇ ತಿಳಿದಿರಲಿಲ್ಲ. 2023ರ ಫೆಬ್ರುವರಿಯಲ್ಲಿ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ದಳವನ್ನೂ ರಚಿಸಿತು.

ಅಂತರ್ಜಾಲವನ್ನು ಬಳಸುವವರಿರುತ್ತಾರೆ, ಅಲ್ಲಿ ಬಳಕೆಯಾಗಿ ಹೋಗುವವರೂ ಇರುತ್ತಾರೆ. ಫೋನೇ ಇಲ್ಲದವಳ ಹೆಸರೂ ಅಲ್ಲಿ ಓಡಾಡುತ್ತದೆ, ಅವಳಿಗೆ ಗೊತ್ತಿಲ್ಲದೆ.

ಆಳಂದದ ಪಟ್ಟಿಯನ್ನು ಉಳಿಸಿದ್ದು ಜಾಣ ಯಂತ್ರವಲ್ಲ, ಜನರ ಬಳಿ ಹೋಗಿ ವಿಚಾರಿಸಿದ ಹಳೆಯ ಪದ್ಧತಿ. ಎಲ್ಲವನ್ನೂ ಪರದೆಗೆ ಒಪ್ಪಿಸುವ ಸರಕಾರ ಕೇಳುವ ಬಾಯಿಯನ್ನು, ನಡೆಯುವ ಕಾಲನ್ನು ಉಳಿಸಿಕೊಳ್ಳಬೇಕು. ನಮ್ಮ ಪಾಲಿಗೂ ಒಂದು ಕರ್ತವ್ಯವಿದೆ. ಇನ್ನೊಬ್ಬಳ ಫೋನು ಕೈಗೆ ಬಂದಾಗ ಅಲ್ಲಿ ಬರೆದದ್ದನ್ನು ಅವಳಿಗೆ ಓದಿ ಹೇಳಬೇಕು, ಬೇಡದ್ದನ್ನು ನೋಡದಿರಬೇಕು, ಕಂಡದ್ದನ್ನು ಆಡದಿರಬೇಕು. ಒತ್ತುವ ಮೊದಲು, "ಇದು ನಿನಗೆ ಬೇಕೇನವ್ವಾ?" ಎಂದು ಕೇಳಿ, ಆಗಬಹುದಾದರೆ ಅವಳ ಬೆರಳಿನಿಂದಲೇ ಒತ್ತಿಸಬೇಕು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಿಡಿಯಲಿ.