ದೇವರಿಗೆ ನಮ್ಮ ಸುಳ್ಳುಸಾಕ್ಷಿ ಬೇಕೇ?

ಇಂಥದೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಜಪಸರ ಪ್ರಾರ್ಥನೆ ಮುಗಿದಿದೆ. ಬಿ.ಎಸ್ಸಿ. ಓದುತ್ತಿರುವ ಮಗಳು ಭೌತ ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದು ಕುಳಿತಿದ್ದಾಳೆ. ಕ್ವಾಂಟಮ್ ಸಿದ್ಧಾಂತ, ಸ್ಪೆಕ್ಟ್ರೋಸ್ಕೋಪಿ ಎಂದು ಕರೆಯುವ ರೋಹಿತ ವಿಜ್ಞಾನ, ಉಷ್ಣಗತಿ ವಿಜ್ಞಾನ, ಈ ಮೂರೂ ಪರೀಕ್ಷೆಗೆ ಬೇಕು. ತಂದೆ ಬಗ್ಗಿ ನೋಡಿ, ಎಲ್ಲೋ ಕೇಳಿದ ಮಾತೊಂದನ್ನು ಪ್ರೀತಿಯಿಂದಲೇ ಹೇಳುತ್ತಾರೆ: “ನೋಡಮ್ಮ, ಜಗತ್ತಿನಲ್ಲಿ ಯಾವುದೂ ನಿಶ್ಚಿತವಲ್ಲ ಅಂತ ನಿಮ್ಮ ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರಂತೆ. ಹಾಗಾದರೆ ನಿಶ್ಚಿತನಾದವನು ದೇವರೊಬ್ಬನೇ ಅಂತ ವಿಜ್ಞಾನವೇ ಹೇಳಿದ ಹಾಗಾಯಿತಲ್ಲ!” ಮಗಳು ತಲೆಯೆತ್ತಿ, “ಅಪ್ಪಾ, ಅದರ ಅರ್ಥ ಹಾಗಲ್ಲ” ಎನ್ನುತ್ತಾಳೆ. ಅಷ್ಟರಲ್ಲಿ ತಾಯಿ ಒಳಗಿನಿಂದ, “ನಾಲ್ಕಕ್ಷರ ಕಲಿತ ಕೂಡಲೇ ಅಪ್ಪನಿಗೇ ಪಾಠವೇನೇ?” ಎಂದು ಗದರುತ್ತಾರೆ. ಮಗಳು ಸುಮ್ಮನಾಗುತ್ತಾಳೆ.

ಆ ಮೌನದ ಕುರಿತು ನಾವು ಯೋಚಿಸಬೇಕಾಗಿದೆ. ಮಕ್ಕಳು ಕಾಲೇಜಿಗೆ ಹೋಗಿ ವಿಜ್ಞಾನ ಓದಿ ವಿಶ್ವಾಸ ಕಳೆದುಕೊಂಡರು ಎಂದು ಧರ್ಮಕೇಂದ್ರಗಳಲ್ಲಿ ಹಿರಿಯರು ಆಗಾಗ ಮರುಗುವುದುಂಟು. ಆದರೆ ಅವರ ವಿಶ್ವಾಸ ಮೊದಲು ಅಲುಗಿದ್ದು ಪ್ರಯೋಗಾಲಯದಲ್ಲೋ, ನಮ್ಮ ಮನೆಯ ಜಗಲಿಯಲ್ಲೋ? ಒಳ್ಳೆಯ ಉದ್ದೇಶಕ್ಕಾಗಿ, ಅದರಲ್ಲೂ ದೇವರ ಮಹಿಮೆಗಾಗಿ, ಸರಿಯಿಲ್ಲದ ವಾದವೊಂದನ್ನು ಬಳಸುವುದು ನ್ಯಾಯವೇ? ಪ್ರಶ್ನೆ ಇಷ್ಟೇ. ಅದರ ಉತ್ತರಕ್ಕೆ ಆ ಮಗಳ ಪುಸ್ತಕದಿಂದಲೇ ನೆರವು ದೊರೆಯುತ್ತದೆ. ಜೊತೆಗೆ ನಮ್ಮ ಅಡುಗೆಮನೆಯ ಒಂದು ಚಿಟಿಕೆ ಉಪ್ಪಿನಿಂದಲೂ.

ಉಪ್ಪು ಹಾಕಿದ ಗಂಜಿ ಉಕ್ಕಿ ಗ್ಯಾಸ್ ಒಲೆಯ ಮೇಲೆ ಸುರಿದಾಗ ನೀಲಿ ಜ್ವಾಲೆ ಥಟ್ಟನೆ ಹಳದಿಯಾಗುವುದನ್ನು ನೀವು ನೋಡಿರುತ್ತೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಗುರುತು. ಬೆಂಕಿಯ ಬಿಸಿಗೆ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಮರಳಿ ಇಳಿಯುವಾಗ ಆ ಎರಡು ಮಟ್ಟಗಳ ನಡುವಿನ ಅಂತರದಷ್ಟೇ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೋಡಿದರೆ 589.0 ಮತ್ತು 589.6 ನ್ಯಾನೋಮೀಟರುಗಳಲ್ಲಿ ಒಂದರ ಪಕ್ಕ ಒಂದರಂತೆ ಎರಡು ಹಳದಿ ಗೆರೆಗಳು ಕಾಣುತ್ತವೆ. ಉಪ್ಪು ಎಲ್ಲಿಯದಾದರೂ ಗೆರೆಗಳು ಅವೇ.

ಈ ಗೆರೆಗಳ ಹಿಂದೆ ಒಂದು ಪಾಠವಿದೆ. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ ಅವರು 1835ರಲ್ಲಿ, ನಕ್ಷತ್ರಗಳು ಯಾವ ದ್ರವ್ಯದಿಂದ ಆಗಿವೆ ಎಂಬುದನ್ನು ಮನುಷ್ಯನು ಎಂದಿಗೂ ಅರಿಯಲಾರನು ಎಂದು ಬರೆದಿದ್ದರು. ಅಷ್ಟು ದೂರ ಹೋಗಿ ಯಾರು ತಾನೇ ತುಣುಕು ತರಬಲ್ಲರು? ಕಾಮ್ಟ್ 1857ರಲ್ಲಿ ತೀರಿಕೊಂಡರು. ಎರಡೇ ವರ್ಷಗಳಲ್ಲಿ, ಅಂದರೆ 1859ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕಿರ್ಕಾಫ್ ಎಂಬ ವಿಜ್ಞಾನಿ, ಸೂರ್ಯನ ಬೆಳಕಿನಲ್ಲಿ ಫ್ರಾನ್‌ಹೋಫರ್ 1814ರಲ್ಲಿ ಗುರುತಿಸಿದ್ದ ಕಪ್ಪು ಗೆರೆಗಳಲ್ಲಿ ಎರಡು ಈ ಸೋಡಿಯಂನ ಗೆರೆಗಳೇ ಎಂದು ತೋರಿಸಿದರು. ಸೂರ್ಯನ ಹೊರಪದರದ ಸೋಡಿಯಂ ಒಳಗಿನಿಂದ ಬರುವ ಬೆಳಕಿನಲ್ಲಿ ತನ್ನ ಪಾಲನ್ನು ಹೀರಿಕೊಳ್ಳುವುದರಿಂದ ಅಲ್ಲಿ ಗೆರೆಗಳು ಕಪ್ಪಾಗಿ ಕಾಣುತ್ತವೆ. ನಮ್ಮ ಗಂಜಿಯ ಉಪ್ಪಿನಲ್ಲಿರುವುದೇ ಸೂರ್ಯನಲ್ಲೂ ಇದೆ! 1860ರ ದಶಕದಲ್ಲಿ ರೋಮಿನಲ್ಲಿ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿಯವರು ಇದೇ ವಿಧಾನವನ್ನು ಹಿಡಿದು, ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿ ಅವುಗಳನ್ನು ವರ್ಗಗಳಾಗಿ ವಿಂಗಡಿಸಿದರು. ಆ ಗುರುಗಳಿಗೆ ಇದರಿಂದ ಭಯವೇನೂ ಆಗಲಿಲ್ಲ.

ಮನುಷ್ಯನಿಗೆ ಇದು ಎಂದಿಗೂ ತಿಳಿಯದು, ಆದ್ದರಿಂದ ಇಲ್ಲಿ ದೇವರಿದ್ದಾನೆ ಎಂದು ನಾವು ಆಗಾಗ ಹೇಳುತ್ತೇವೆ. ಹೀಗೆ ಹೇಳುವಾಗ ದೇವರನ್ನು ನಮ್ಮ ಅಜ್ಞಾನದ ಬಾಡಿಗೆ ಮನೆಯಲ್ಲಿ ಇರಿಸುತ್ತೇವೆ. ನಾಳೆ ಯಾರೋ ಒಬ್ಬರು ದೀಪ ಹಚ್ಚಿದರೆ ಆ ಮನೆ ಖಾಲಿ ಮಾಡಬೇಕಾಗುತ್ತದೆ. ಸೃಷ್ಟಿಕರ್ತನಾದ ದೇವರು ತಿಳಿಯದುದಕ್ಕೆ ಮಾತ್ರವಲ್ಲ, ತಿಳಿದುದಕ್ಕೂ ಒಡೆಯನು. ಸೋಡಿಯಂನ ಗೆರೆ ಅರ್ಥವಾದ ಮೇಲೂ ಸೂರ್ಯನು ಆತನ ಸೃಷ್ಟಿಯೇ.

ಎರಡನೆಯದು ಕ್ವಾಂಟಮ್ ಸಿದ್ಧಾಂತ. ಆ ಮನೆಯ ತಂದೆ ಹೇಳಿದ ಮಾತು ಹೈಸನ್‌ಬರ್ಗ್ 1927ರಲ್ಲಿ ಮುಂದಿಟ್ಟ ಅನಿಶ್ಚಿತತಾ ತತ್ತ್ವಕ್ಕೆ ಸಂಬಂಧಿಸಿದ್ದು. ಯಾವುದೂ ನಿಶ್ಚಿತವಲ್ಲ ಎಂದು ಅದು ಹೇಳುವುದಿಲ್ಲ. ಒಂದು ಕಣದ ಸ್ಥಾನ ಎಷ್ಟು ಖಚಿತವಾಗಿದೆಯೋ, ಅದರ ಚಲನೆ ಕನಿಷ್ಠ ಇಷ್ಟು ಪ್ರಮಾಣದಲ್ಲಿ ಖಚಿತವಾಗಿರಲಾರದು ಎಂದು ಅದು ಲೆಕ್ಕವಿಟ್ಟು ಹೇಳುತ್ತದೆ. ಎಲೆಕ್ಟ್ರಾನಿನ ಸ್ಥಾನ ಪರಮಾಣುವಿನ ಅಳತೆಯಷ್ಟು, ಅಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು, ಖಚಿತವಾಗಿದ್ದರೆ ಅದರ ವೇಗದ ಅನಿಶ್ಚಿತತೆ ಸೆಕೆಂಡಿಗೆ ಸುಮಾರು 580 ಕಿಲೋಮೀಟರಿಗಿಂತ ಕಡಿಮೆಯಾಗಲಾರದು. ಅದೇ ಲೆಕ್ಕವನ್ನು ನಿಮ್ಮ ಕೈಯಲ್ಲಿರುವ ಜಪಸರದ ಒಂದು ಗ್ರಾಂ ತೂಕದ ಮಣಿಗೆ ಹಾಕಿ ನೋಡಿ. ಮಣಿ ಎಲ್ಲಿದೆ ಎಂಬುದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಖಚಿತವಾಗಿದ್ದರೂ, ವೇಗದ ಅನಿಶ್ಚಿತತೆಯ ಮಿತಿಯನ್ನು ಮೀಟರಿನಲ್ಲಿ ಬರೆಯಲು ದಶಮಾಂಶ ಬಿಂದುವಿನ ನಂತರ 25 ಸೊನ್ನೆಗಳನ್ನು ಇಟ್ಟು ಆಮೇಲೆ 5 ಎಂದು ಬರೆಯಬೇಕು. ಮಣಿಯ ಮಟ್ಟಿಗೆ ಅದು ಇಲ್ಲವೆಂದೇ ಲೆಕ್ಕ. ಇಷ್ಟು ಕರಾರುವಾಕ್ಕಾದ ನಿಯಮವೊಂದನ್ನು ಎಲ್ಲವೂ ಸಂದೇಹವೇ ಎಂದು ವಿವರಿಸುವವರು, ವಿಜ್ಞಾನಿಯ ಬಾಯಿಗೆ ತಾನು ಆಡದ ಮಾತನ್ನು ತುರುಕಿದಂತಾಗುತ್ತದೆ. ಪದ ಒಂದೇ ಆದರೂ ಅರ್ಥ ಬೇರೆ.

ವ್ಯಕ್ತಿಗಳ ವಿಷಯದಲ್ಲೂ ನಾವು ಹೀಗೆಯೇ ಮಾಡುವುದುಂಟು. 1900ರಲ್ಲಿ ಕ್ವಾಂಟಮ್ ಕಲ್ಪನೆಗೆ ನಾಂದಿ ಹಾಡಿದ ಮ್ಯಾಕ್ಸ್ ಪ್ಲಾಂಕ್ ಮಹಾ ದೈವಭಕ್ತರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅವರು 1920ರಿಂದ ಕೊನೆಯವರೆಗೂ ಬರ್ಲಿನ್ನಿನ ತಮ್ಮ ಲೂಥರನ್ ಸಭೆಯ ಹಿರಿಯರಾಗಿದ್ದುದು ನಿಜ. ತೀರಿಕೊಂಡ ವರ್ಷವಾದ 1947ರ ಪತ್ರವೊಂದರಲ್ಲಿ, ತಾವು ಧಾರ್ಮಿಕ ಮನೋಭಾವದವರಾದರೂ ವ್ಯಕ್ತಿರೂಪದ ದೇವರನ್ನು ನಂಬುವುದಿಲ್ಲವೆಂದು ಬರೆದುದೂ ನಿಜ. ಮೊದಲರ್ಧವನ್ನು ಹೇಳಿ ಎರಡನೆಯದನ್ನು ಮುಚ್ಚಿಟ್ಟರೆ ಅದು ಎಂಥ ಸಾಕ್ಷಿ? ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆಯಲ್ಲಿ ದೇವರಿಗೆ ಅನುಕೂಲವಾದ ಸುಳ್ಳಿಗೆ ರಿಯಾಯಿತಿ ಇಲ್ಲ.

ಮೂರನೆಯದು ಉಷ್ಣಗತಿ ವಿಜ್ಞಾನ. ಅದರ ಎರಡನೆಯ ನಿಯಮದ ಹೆಸರಿನಲ್ಲಿ ಮತ್ತೊಂದು ವಾದ ಓಡಾಡುತ್ತದೆ. ಜಗತ್ತಿನಲ್ಲಿ ಅವ್ಯವಸ್ಥೆ ಹೆಚ್ಚುತ್ತಲೇ ಇರಬೇಕು ಎಂದು ವಿಜ್ಞಾನ ಹೇಳುತ್ತದೆ, ಆದರೂ ಬೀಜ ಗಿಡವಾಗುತ್ತದೆ, ಜೀವ ಬೆಳೆಯುತ್ತದೆ, ಆದ್ದರಿಂದ ಇಲ್ಲಿ ನಿಯಮವನ್ನು ಮುರಿದ ದೇವರ ಕೈ ಕಾಣುತ್ತದೆ ಎಂಬುದು ಆ ವಾದ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡಿದವರು ಇದಕ್ಕೆ ಉತ್ತರ ಹೇಳಬಲ್ಲರು. ಅಲ್ಲಿ ಗದ್ದೆಗೆ ಹಾಯಿಸಿದ ಉಪ್ಪುನೀರು ಬಿಸಿಲಿಗೆ ಆರಿ ಹರಳುಗಟ್ಟುತ್ತದೆ. ನೀರಿನಲ್ಲಿ ಚೆದುರಿಹೋಗಿದ್ದ ಕಣಗಳು ಆ ಹರಳಿನೊಳಗೆ ಶಿಸ್ತಾಗಿ ಸಾಲುಗಟ್ಟಿ ನಿಲ್ಲುತ್ತವೆ. ಎಂಟ್ರೋಪಿ ಎಂದು ಕರೆಯುವ ಆ ಚೆದುರಿಕೆಯ ಅಳತೆ ಹರಳಿನಲ್ಲಿ ಕಡಿಮೆಯಾಯಿತು. ನಿಯಮ ಮುರಿಯಿತೇ? ಇಲ್ಲ. ಬಿಸಿಲು ಹೊರಗಿನಿಂದ ಬಂದಿದೆ, ನೀರು ಆವಿಯಾಗಿ ಗಾಳಿಯಲ್ಲಿ ಹರಡಿಹೋಗಿದೆ; ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಎಂಟ್ರೋಪಿ ಹೆಚ್ಚಿಯೇ ಇದೆ. ಹೊರಗಿನೊಂದಿಗೆ ಕೊಡುಕೊಳೆ ಇಲ್ಲದ ವ್ಯವಸ್ಥೆಯಲ್ಲಿ ಮಾತ್ರ ಎಂಟ್ರೋಪಿ ಕಡಿಮೆಯಾಗದು ಎಂಬುದು ನಿಯಮ. ಭೂಮಿಗೋ, ದಿನವೂ ಸೂರ್ಯನ ಬೆಳಕು ಬರುತ್ತದೆ. ಭೂಮಿ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬೀಜ ಮೊಳೆಯುವುದು ನಿಯಮದ ಒಳಗೇ.

ಈ ಶಾಸ್ತ್ರವನ್ನು ಓದುವ ವಿದ್ಯಾರ್ಥಿ ಯಾವ ಲೆಕ್ಕವನ್ನೇ ಆಗಲಿ ಆರಂಭಿಸುವ ಮುನ್ನ ಒಂದು ಕೆಲಸ ಮಾಡಬೇಕು. ತಾನು ಮಾತನಾಡುತ್ತಿರುವುದು ಯಾವುದರ ಬಗ್ಗೆ, ಅದರ ಗಡಿ ಎಲ್ಲಿ ಎಂದು ಗೆರೆ ಎಳೆಯಬೇಕು. ಗಡಿ ಹೇಳದೆ ನಿಯಮ ಹೇಳಿದರೆ ಅಂಕ ಸಿಗದು. ಇದು ಮಾತಿನ ನೀತಿಯೂ ಹೌದಲ್ಲವೇ? ನಮ್ಮ ಹಬ್ಬದ ಭಾಷಣಗಳಿಗೂ ಧರ್ಮೋಪದೇಶದ ತರಗತಿಗಳಿಗೂ ಈ ಗೆರೆ ಬೇಕು.

ನ್ಯಾಯವಾಗಿ ಹೇಳಬೇಕೆಂದರೆ ಗೆರೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ. ಎರಡು ವರ್ಷ ರಸಾಯನಶಾಸ್ತ್ರ ಓದಿ, ಎಲ್ಲವೂ ಪರಮಾಣುಗಳ ಆಟ, ಪ್ರಾರ್ಥನೆ ವ್ಯರ್ಥ ಎಂದು ಸಾರುವ ಯುವಕನೂ ಗಡಿ ದಾಟಿದವನೇ. ಅಮ್ಮನ ಕಣ್ಣೀರಿನಲ್ಲಿ ಉಪ್ಪು ಎಷ್ಟಿದೆಯೆಂದು ಉಪಕರಣ ಅಳೆಯಬಲ್ಲದು. ಆ ಕಣ್ಣೀರು ಯಾಕೆ ಬಂತು, ಅದನ್ನು ಒರೆಸುವ ಹೊಣೆ ಯಾರದು ಎಂಬುದನ್ನು ಅಳೆಯಲು ಆ ಉಪಕರಣವನ್ನು ಯಾರೂ ನಿರ್ಮಿಸಿಲ್ಲ.

ನಮ್ಮ ಸಭೆಯ ಇತಿಹಾಸದಲ್ಲೇ ಇದಕ್ಕೊಂದು ಸುಂದರ ನಿದರ್ಶನವಿದೆ. ವಿಶ್ವವು ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕಹಾಕಿ ತೋರಿಸಿ, ಅದು ಒಂದು ಆದಿಮ ಪರಮಾಣುವಿನಿಂದ ಹೊರಟಿರಬಹುದೆಂದು 1931ರಲ್ಲಿ ಸೂಚಿಸಿದವರು ಬೆಲ್ಜಿಯಂನ ಧರ್ಮಗುರು ಜಾರ್ಜ್ ಲೆಮೈತ್ರ್. 1951ರ ನವೆಂಬರಿನಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಒಂದು ಭಾಷಣದಲ್ಲಿ, ವಿಶ್ವದ ಆರಂಭದ ಕುರಿತ ಹೊಸ ವಿಜ್ಞಾನವು ಸೃಷ್ಟಿಕಾರ್ಯಕ್ಕೆ ಸಾಕ್ಷಿ ನುಡಿಯುತ್ತಿದೆ ಎಂಬಂತೆ ಮಾತನಾಡಿದರು. ಯಾವ ವಿಜ್ಞಾನಿಗೆ ತಾನೇ ಇದು ಹೆಮ್ಮೆಯ ಗಳಿಗೆಯಲ್ಲ? ಆದರೆ ಲೆಮೈತ್ರ್ ಗುರುಗಳಿಗೆ ಸಂತೋಷವಾಗಲಿಲ್ಲ. ತಮ್ಮ ಸಿದ್ಧಾಂತ ಭೌತಶಾಸ್ತ್ರದ್ದು. ಅದು ನಾಳೆ ತಿದ್ದುಪಡಿಯಾಗಬಹುದು. ವಿಶ್ವಾಸದ ಸತ್ಯವನ್ನು ಅದರ ಮೇಲೆ ಕಟ್ಟಬಾರದು ಎಂಬುದು ಅವರ ನಿಲುವು. ಅದನ್ನು ಅವರು ರೋಮಿನಲ್ಲಿ ವಿನಯದಿಂದಲೇ ತಿಳಿಸಿದರು. 1952ರ ಸೆಪ್ಟೆಂಬರಿನಲ್ಲಿ ಜಗದ್ಗುರುಗಳು ಖಗೋಳ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಆ ವಾದ ಮರುಕಳಿಸಲಿಲ್ಲ. ಮಗನು ಹೇಳಿದ್ದನ್ನು ತಂದೆ ಕೇಳಿದರು. ಇದರಿಂದ ಇಬ್ಬರ ಗೌರವವೂ ಹೆಚ್ಚಿತು.

ಐದನೆಯ ಶತಮಾನದ ಆರಂಭದಲ್ಲೇ ಸಂತ ಅಗಸ್ಟೀನರು ಆದಿಕಾಂಡದ ಕುರಿತ ತಮ್ಮ ಗ್ರಂಥದಲ್ಲಿ ಈ ಅಪಾಯವನ್ನು ಎಚ್ಚರಿಸಿದ್ದರು. ಆಕಾಶ, ಭೂಮಿಗಳ ಬಗ್ಗೆ ಕ್ರೈಸ್ತನೊಬ್ಬನು ಪವಿತ್ರ ಗ್ರಂಥದ ಹೆಸರಿನಲ್ಲಿ ತಪ್ಪು ಹೇಳಿದರೆ, ವಿಷಯ ಬಲ್ಲ ಅನ್ಯರು ಪುನರುತ್ಥಾನದ ಬಗ್ಗೆ ಅದೇ ಗ್ರಂಥ ಹೇಳುವುದನ್ನು ಹೇಗೆ ನಂಬಿಯಾರು ಎಂಬುದು ಅವರ ಚಿಂತೆ. ಯೋಬನ ಗ್ರಂಥವನ್ನೂ ನೆನೆಯಿರಿ. ಯೋಬನ ಗೆಳೆಯರು ದೇವರ ಪರವಾಗಿ ಅಚ್ಚುಕಟ್ಟಾದ ವಾದ ಹೂಡುತ್ತಾರೆ. ಯೋಬನು, ದೇವರಿಗಾಗಿ ಸುಳ್ಳಾಡುವಿರಾ ಎಂದು ಅವರನ್ನು ಪ್ರಶ್ನಿಸುತ್ತಾನೆ. ಕೊನೆಗೆ ದೇವರ ಕೋಪ ಎರಗುವುದು ವಾದಿಸಿದ ಗೆಳೆಯರ ಮೇಲೆ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ನಮ್ಮ ಅಜ್ಜಿಯಂದಿರು ಇಂಥ ಸರಳ ಮಾತುಗಳಿಂದಲೇ ಸಮಾಧಾನ ಕಂಡವರು, ಅದನ್ನೂ ಕಸಿದುಕೊಳ್ಳಬೇಕೇ? ಖಂಡಿತ ಬೇಡ. ಯೇಸುಸ್ವಾಮಿ ಸಾಸಿವೆಯನ್ನೂ ಹುಳಿಹಿಟ್ಟನ್ನೂ ಉಪ್ಪನ್ನೂ ಹಿಡಿದು ಬೋಧಿಸಿದರು. ಅವು ಸಾಮತಿಗಳಾಗಿದ್ದವು, ಪುರಾವೆಗಳಾಗಿರಲಿಲ್ಲ. ಸೂರ್ಯನ ಬೆಳಕಿನಲ್ಲಿ ಉಪ್ಪಿನ ಗುರುತು ಕಂಡು ಅಜ್ಜಿ ದೇವರನ್ನು ಸ್ತುತಿಸಿದರೆ ಅದು ಭಕ್ತಿ. ಅದನ್ನೇ ನ್ಯಾಯಾಲಯದ ದಾಖಲೆಯಂತೆ ಮೊಮ್ಮಗಳ ಮುಂದೆ ಹಿಡಿದು, ಈಗಲಾದರೂ ಒಪ್ಪಿಕೋ ಎಂದರೆ ಅದು ವಕಾಲತ್ತು. ದೇವರು ನಮ್ಮಿಂದ ಸ್ತುತಿಯನ್ನು ಬಯಸಿದ್ದಾನೆ, ವಕೀಲರನ್ನು ನೇಮಿಸಿಕೊಂಡಿಲ್ಲ.

ಈಗ ಮತ್ತೆ ಆ ಮನೆಗೆ ಹೋಗೋಣ. ಆ ಮಗಳು ಸುಮ್ಮನಾದಾಗ ಮನೆಯಲ್ಲಿ ಏನು ನಡೆಯಿತು? ತಂದೆಯ ಮಾತು ತಪ್ಪೆಂದು ಆಕೆಗೆ ಗೊತ್ತು. ಅದನ್ನು ಹೇಳುವ ಹಾಗಿಲ್ಲ ಎಂಬುದೂ ಈಗ ಗೊತ್ತಾಯಿತು. ತನಗೆ ತಿಳಿದ ವಿಷಯದಲ್ಲೇ ಅಪ್ಪ ಅಮ್ಮ ಹೀಗೆ ಮಾಡಿದರೆ, ತನಗೆ ತಿಳಿಯದ ಪರಮಪ್ರಸಾದದ, ಪುನರುತ್ಥಾನದ ವಿಷಯದಲ್ಲಿ ಅವರ ಮಾತಿಗೆ ಎಷ್ಟು ಬೆಲೆ ಕೊಡಲಿ ಎಂಬ ಪ್ರಶ್ನೆ ಆಕೆಯ ಮನಸ್ಸಿನಲ್ಲಿ ಏಳದೇ ಇರುತ್ತದೆಯೇ? ಆ ನಂಬಿಕೆಯ ಎಳೆಯನ್ನು ಕಡಿದದ್ದು ಕ್ವಾಂಟಮ್ ಸಿದ್ಧಾಂತವಲ್ಲ.

ಆದ್ದರಿಂದ ಪ್ರಿಯ ತಂದೆತಾಯಿಯರೇ, ಇನ್ನೊಂದು ಸಂಜೆ ಜಪಸರ ಮುಗಿದ ಮೇಲೆ ಆ ಪುಸ್ತಕ ತೆರೆದಿದ್ದರೆ, “ಅದರ ಅರ್ಥ ಹಾಗಲ್ಲ ಅಂದೆಯಲ್ಲ, ಹಾಗಾದರೆ ಹೇಗೆ? ನನಗೂ ಹೇಳು ಮಗಳೇ” ಎಂದು ಕೇಳಿ ನೋಡಿ. ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ತಂದೆ, ಗೊತ್ತಿರುವುದನ್ನು ಹೇಳಿದಾಗ ಮಕ್ಕಳು ಕಿವಿಗೊಡುತ್ತಾರೆ. ಯಾಕೆ ಪ್ರಾರ್ಥಿಸುತ್ತೀರಿ ಎಂದು ಆಕೆ ಕೇಳಿದರೆ, ನೀವು ನಿಜವಾಗಿ ಪ್ರಾರ್ಥಿಸುವ ಕಾರಣವನ್ನೇ ಹೇಳಿ: ಕಷ್ಟದಲ್ಲಿ ಆತನು ಕೈಹಿಡಿದ ದಿನವನ್ನು, ಕ್ಷಮಿಸಲು ಬಲ ಸಿಕ್ಕ ಗಳಿಗೆಯನ್ನು. ಆ ಸಾಕ್ಷ್ಯ ನಿಮ್ಮದೇ. ಅದಕ್ಕೆ ಯಾವ ವಿಜ್ಞಾನಿಯ ಸಹಿಯೂ ಬೇಡ.

ನಾವು ಜಗತ್ತಿಗೆ ಉಪ್ಪಾಗಿರಬೇಕು ಎಂಬುದು ಸ್ವಾಮಿಯ ಅಪೇಕ್ಷೆ. ಸೋಡಿಯಂ ಒಲೆಯ ಮೇಲಿದ್ದರೂ ಸೂರ್ಯನಲ್ಲಿದ್ದರೂ ತನ್ನ ಗೆರೆಯನ್ನು ಬದಲಿಸುವುದಿಲ್ಲ. ನಮ್ಮ ಮಾತೂ ಪ್ರಯೋಗಾಲಯದಲ್ಲಿ, ಪೀಠದ ಮುಂದೆ, ಮನೆಯ ಜಗಲಿಯಲ್ಲಿ ಒಂದೇ ಆಗಿರಲಿ.