ಸೋರುವುದು ಯಾರ ನೀರು?

ಸೋರುವ ನಲ್ಲಿಗೆ ಹಗಲಿನಲ್ಲಿ ಬಾಯಿಲ್ಲ. ಮಿಕ್ಸಿ, ಕುಕ್ಕರು, ಟಿ.ವಿ.ಗಳ ಗದ್ದಲವೆಲ್ಲ ಅಡಗಿದ ಮೇಲೆ ಅದು ಶುರುಮಾಡುತ್ತದೆ. ಆ ತೊಟತೊಟ ಸದ್ದಿಗೆ ಎಚ್ಚರವಾಗುವುದು ಸಾಮಾನ್ಯವಾಗಿ ಮನೆಯ ಹೆಂಗಸಿಗೇ. ಎದ್ದು ಹೋಗಿ ಕೆಳಗೊಂದು ಬಕೆಟ್ ಇಟ್ಟು ಬರುತ್ತಾಳೆ. ಬೆಳಗ್ಗೆ ಆ ನೀರಿನಲ್ಲಿ ಬಟ್ಟೆ ನೆನೆಸಿದರೆ ಅಲ್ಲಿಗೆ ಲೆಕ್ಕ ಸರಿ.

ಸದ್ದು ಮಾಡುವ ನಲ್ಲಿ ಪ್ರಾಮಾಣಿಕವಾದದ್ದು. ವಾಷರ್ ಸವೆದಿರುತ್ತದೆ, ಬದಲಾಯಿಸಿದರೆ ಬಹುಪಾಲು ನಿಲ್ಲುತ್ತದೆ. ಕಳ್ಳತನದಿಂದ ಸೋರುವುದು ಫ್ಲಶ್ ಟ್ಯಾಂಕು. ಅದನ್ನು ಹಿಡಿಯಲು ಪ್ಲಂಬರ್ ಬೇಡ, ಕೇಸರಿಬಾತಿಗೆ ಹಾಕುವ ಬಣ್ಣ ಸಾಕು. ಟ್ಯಾಂಕಿನೊಳಗೆ ಒಂದು ಚಿಟಿಕೆ ಕದಡಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕೆಳಗೆ ಕಮೋಡಿನ ನೀರಿಗೂ ಬಣ್ಣ ಬಂದಿದ್ದರೆ ಟ್ಯಾಂಕು ಸೋರುತ್ತಿದೆ ಎಂದೇ ಅರ್ಥ.

ಕಷ್ಟದ್ದು ಮೂರನೆಯದು: ಗೋಡೆಯೊಳಗಿನ ಪೈಪಿನದು, ಟೈಲ್ಸ್ ಸಂದಿಯದು. ಅದು ಸೋರುವ ಮನೆಯಲ್ಲಿ ಕಾಣುವುದಿಲ್ಲ, ಕೆಳಗಿನ ಮನೆಯ ಸೂರಿನಲ್ಲಿ ಕಾಣುತ್ತದೆ. ಸಿಂಗಾಪುರದಲ್ಲಿ ನಮ್ಮದು ಬಾಡಿಗೆಯ ಕೆಳಮನೆ. ಒಂದು ವರ್ಷ ಬಚ್ಚಲಿನ ಸೂರು ಹಸಿಯಾಗಿ ಸುಣ್ಣ ಉದುರತೊಡಗಿತು. ಮೇಲಿನ ಮನೆಯಾಕೆಗೆ ಹೇಳಿದೆ. “ನಮ್ಮ ಬಚ್ಚಲು ಒಣಗೇ ಇದೆ, ಬಂದು ನೋಡಿ ಆಂಟಿ” ಎಂದಳು. ಹೋಗಿ ನೋಡಿದರೆ ನಿಜವಾಗಿಯೂ ಒಣಗಿತ್ತು. ಓನರು “ಬಳಸುವವರು ಮಾಡಿಸಿಕೊಳ್ಳಲಿ” ಎಂದರು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಬೇಕೆಂದು ತಪ್ಪು ಮಾಡಿರಲಿಲ್ಲ. ನೀರು ಮಾತ್ರ ಇಳಿಯುತ್ತಲೇ ಇತ್ತು.

ಯಾರೂ ಮಾಡದ ತಪ್ಪಿಗೆ ಹೊಣೆ ಯಾರು? ನನಗೆ ತೋಚಿದ್ದು ಇಷ್ಟು. ಗೊತ್ತಿಲ್ಲದಿರುವವರೆಗೆ ಅದು ಯಾರ ತಪ್ಪೂ ಅಲ್ಲ. ಗೊತ್ತಾದ ಮೇಲೆ ಅದು ನಿಲ್ಲಿಸಬಲ್ಲವರದು. ಖರ್ಚು ಯಾರದು ಎನ್ನುವುದು ಲೆಕ್ಕದ ಮಾತು, ಅದನ್ನು ನಿಧಾನವಾಗಿ ಕೂತು ಹಂಚಿಕೊಳ್ಳಬಹುದು. ನಿಲ್ಲಿಸುವುದು ಯಾರು ಎನ್ನುವುದು ಧರ್ಮದ ಮಾತು, ಅದಕ್ಕೆ ವಾಯಿದೆ ಇಲ್ಲ. ಕೊನೆಗೆ ಆಕೆಯೇ ಎರಡು ದಿನ ಬಚ್ಚಲಿನ ವಾಲ್ವ್ ಮುಚ್ಚಿ ಅಡುಗೆಮನೆಯಿಂದ ನೀರು ಹೊತ್ತು ಸ್ನಾನ ಮಾಡಿಸಿದಳು. ನಮ್ಮ ಸೂರು ಆರತೊಡಗಿತು. ಹಾಗಾದರೆ ದೋಷ ಪೈಪಿನದು, ಟೈಲ್ಸಿನದಲ್ಲ ಎಂದು ತಿಳಿಯಿತು. ಟೈಲ್ಸಿನದಾಗಿದ್ದರೆ ಸ್ನಾನ ಮಾಡಿದಾಗಲೆಲ್ಲ ಒದ್ದೆಯಾಗಬೇಕಿತ್ತು. ರಿಪೇರಿಯ ಹಣದ ಜಗಳ ಆಮೇಲೆ ಮುಗಿಯಿತು.

ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಕಡೆ ಪಂಪು ಮಾಡಿ ತರುವ ನೀರು ಅದು. 2024ರ ಬರದ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಬೀದಿಯಲ್ಲಿ ಹರಿಯುವ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಚ್ಚಲೊಳಗೆ ತೊಟ್ಟಿಕ್ಕುವುದನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಅರ್ಧರಾತ್ರಿಯಲ್ಲಿ ಎಚ್ಚರವಾದವಳೇ ಸಾಕ್ಷಿ, ಅವಳೇ ನ್ಯಾಯಾಧೀಶೆ. ಬಕೆಟ್ ಇಡುವುದು ಒಂದು ರಾತ್ರಿಯ ಮಟ್ಟಿಗೆ ಸರಿ. ಮರುದಿನ ವಾಷರ್ ತರಬೇಕು.